ಲಂಡನ್ ಲೈಸೆನ್ಸ್ ಇದೆ ಅಂತಾರಾ? ದುಡ್ಡು ಹಾಕುವ ಮುಂಚೆ ಹೀಗೆ ನೋಡಿ

ನನ್ನ ಷಡ್ಡಕ ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದ. ಅವನು ಪೊಟ್ಟಣ ಹಿಡಿದು ಬಂದ ಅಂದರೆ ಏನೋ ಕೆಲಸ ಇದೆ ಅಂತಲೇ ಲೆಕ್ಕ. ಮೊಬೈಲ್ ತೆಗೆದ, ಒಂದು ಸರ್ಟಿಫಿಕೇಟ್ ತೋರಿಸಿದ. ಮೇಲೆ ಕಿರೀಟದ ಚಿತ್ರ, ಕೆಳಗೆ ಸೀಲು, ಮಧ್ಯೆ ಒಂದು ಟ್ರೇಡಿಂಗ್ ಕಂಪನಿಯ ಹೆಸರು. "ಅಣ್ಣಾ, ಇದು ಇಂಗ್ಲೆಂಡ್ ಸರ್ಕಾರ ಕೊಟ್ಟಿರೋ ಲೈಸೆನ್ಸು ನೋಡ್ರಿ. ಇಲ್ಲಿಯವರದಾದ್ರೆ ನಂಬಕ್ಕೆ ಆಗಲ್ಲ, ಅಲ್ಲಿ ಹಂಗೆಲ್ಲ ನಡೆಯಲ್ಲ" ಅಂದ. ಚನ್ನಗಿರಿ ಕಡೆ ಅವನದು ಎರಡು ಎಕರೆ ತೋಟ. ಅಡಿಕೆ ಮಾರಿದ ದುಡ್ಡಲ್ಲಿ ಎರಡು ಲಕ್ಷ ಹಾಕೋಣ ಅಂತ ಇದ್ದ.

ತಮಾಷೆ ಏನಪ್ಪಾ ಅಂದರೆ, ಆ ಕಾಗದ ಸುಳ್ಳಲ್ಲ. ಅಸಲಿ ಕಾಗದವೇ. ಆದರೆ ಅದು ಲೈಸೆನ್ಸ್ ಆಗಿರಲಿಲ್ಲ.

ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಎರಡು ಮೂರು ಅಂಗಡಿಗಳ ಲೆಕ್ಕ ಬರೆಯುವವನು. ಷೇರು ಸಲಹೆಗಾರ ಅಲ್ಲ. ಯಾವುದರಲ್ಲಿ ದುಡ್ಡು ಹಾಕಿ ಅಂತ ಇಲ್ಲಿ ಹೇಳೋದಿಲ್ಲ. 2021ರಲ್ಲಿ ನಾನೇ ಒಂದು ಆ್ಯಪ್‌ಗೆ 40 ಸಾವಿರ ಹಾಕಿ ಕಳೆದುಕೊಂಡೆ. ಆಮೇಲೆ ಹಟಕ್ಕೆ ಬಿದ್ದು ಈ ಲೈಸೆನ್ಸ್ ಅನ್ನೋದು ಯಾವ ದೇಶದಲ್ಲಿ ಹೇಗೆ ನಡೆಯುತ್ತೆ ಅಂತ ಓದಿಕೊಂಡೆ. ಅವತ್ತು ಸಂಜೆ ಷಡ್ಡಕನ ಜೊತೆ ಕೂತು ಏನೇನು ನೋಡಿದೆವೋ ಅದನ್ನೇ ಬರೆಯುತ್ತಿದ್ದೇನೆ. ಒಂದು ಫೋನು, ಅರ್ಧ ಗಂಟೆ ಸಾಕು.

ಲೈಸೆನ್ಸ್ ಅಂದರೆ ಊರಿಗೆ ಕಟ್ಟಿದ ಹಗ್ಗ

ಮೊದಲು ಇದು ತಲೆಗೆ ಹೋಗಬೇಕು. ನಮ್ಮ ಎಪಿಎಂಸಿ ಯಾರ್ಡ್ ನೆನಪಿಸಿಕೊಳ್ಳಿ. ಅಲ್ಲಿ ಕೂತಿರುವ ಖರೀದಿದಾರನಿಗೆ ಲೈಸೆನ್ಸ್ ಇರುತ್ತೆ. ಮೆಕ್ಕೆಜೋಳದ ದುಡ್ಡು ಕೊಡದೆ ಸತಾಯಿಸಿದರೆ ತೂಕದ ಚೀಟಿ ಹಿಡಿದುಕೊಂಡು ಸಮಿತಿ ಆಫೀಸಿಗೆ ಹೋಗಬಹುದು. ಅದೇ ಯಾವನೋ ಒಬ್ಬ ರಾತ್ರಿ ಲಾರಿ ತಂದು, ಇನ್ನೊಂದು ರಾಜ್ಯದ ಮಂಡಿಯ ಲೈಸೆನ್ಸ್ ತೋರಿಸಿ, ಕಣದಿಂದಲೇ ತುಂಬಿಕೊಂಡು ಹೋದ ಅಂತ ಇಟ್ಟುಕೊಳ್ಳಿ. ಲೈಸೆನ್ಸ್ ಅಸಲಿಯೇ ಇರಬಹುದು. ದುಡ್ಡು ಬರದಿದ್ದರೆ ನೀವು ಯಾರ ಹತ್ತಿರ ಹೋಗ್ತೀರಿ?

ಷೇರು, ಕರೆನ್ಸಿ, ಇನ್ವೆಸ್ಟ್‌ಮೆಂಟ್ ವ್ಯವಹಾರದ ಲೈಸೆನ್ಸೂ ಹಾಗೇ. ಲೈಸೆನ್ಸ್ ಕೊಟ್ಟು ಕಣ್ಣಿಡುವ ನಿಯಂತ್ರಕ ನಮ್ಮಲ್ಲಿ ಸೆಬಿ. ಅದು 1988ರಲ್ಲಿ ಶುರುವಾಯಿತು, 1992ರಲ್ಲಿ ಕಾನೂನಿನ ಬಲ ಬಂತು. ಇಂಗ್ಲೆಂಡಿನಲ್ಲಿ ಎಫ್‌ಸಿಎ. ಅಮೆರಿಕದಲ್ಲಿ ಷೇರಿಗೆ ಎಸ್‌ಇಸಿ, ಕರೆನ್ಸಿ ಮತ್ತು ಕಮಾಡಿಟಿ ವಾಯಿದೆಗೆ (ಮುಂದಿನ ದಿನಕ್ಕೆ ಈಗಲೇ ಬೆಲೆ ಮಾತಾಡಿಕೊಳ್ಳುವ ವ್ಯವಹಾರ) ಸಿಎಫ್‌ಟಿಸಿ. ಆಸ್ಟ್ರೇಲಿಯಾಕ್ಕೆ ಅಸಿಕ್, ಸಿಂಗಪುರಕ್ಕೆ ಎಂಎಎಸ್. ಪ್ರತಿಯೊಬ್ಬರೂ ತಮ್ಮ ದೇಶದ ಗ್ರಾಹಕರನ್ನು ಕಾಯುತ್ತಾರೆ, ತಮ್ಮ ಗಡಿಯೊಳಗೆ.

ಹಾಗಾದರೆ ಇಡೀ ಜಗತ್ತಿಗೆ ಒಂದು ಲೈಸೆನ್ಸ್ ಇಲ್ವಾ? ಇಲ್ಲ. ಐಯೊಸ್ಕೊ ಅಂತ ಒಂದು ಸಂಸ್ಥೆ 1983ರಿಂದ ಇದೆ, ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಆಫೀಸು. ಅದು ಈ ಎಲ್ಲ ದೇಶದ ನಿಯಂತ್ರಕರು ಸೇರಿ ಮಾಡಿಕೊಂಡ ಸಂಘ, ನಮ್ಮ ವರ್ತಕರ ಸಂಘದ ಥರ. ಅದು ಯಾವ ಬ್ರೋಕರ್‌ಗೂ ಲೈಸೆನ್ಸ್ ಕೊಡೋದಿಲ್ಲ. ಆದ್ದರಿಂದ "ಇಂಟರ್‌ನ್ಯಾಷನಲ್ ಲೈಸೆನ್ಸ್", "ಗ್ಲೋಬಲ್ ಲೈಸೆನ್ಸ್", "ಐಯೊಸ್ಕೊ ಲೈಸೆನ್ಸ್" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಮುಂದಿನದು ಓದೋ ಅಗತ್ಯವೂ ಇಲ್ಲ.

ಕೈಗೆ ಬಂದ ಕಾಗದ ಯಾವುದು?

ಷಡ್ಡಕನ ಹತ್ತಿರ ಇದ್ದದ್ದು ಇಂಗ್ಲೆಂಡಿನ ಕಂಪನೀಸ್ ಹೌಸ್ ಕೊಟ್ಟ ನೋಂದಣಿ ಪತ್ರ. ಕಂಪನಿ ಹುಟ್ಟಿದೆ ಅಂತ ಹೇಳುವ ಕಾಗದ. ಅದನ್ನು ಆನ್‌ಲೈನ್‌ನಲ್ಲಿ ಸಣ್ಣ ಫೀಸು ಕಟ್ಟಿ ಯಾರು ಬೇಕಾದರೂ ಮಾಡಿಸಬಹುದು, ಟೀ ಅಂಗಡಿ ಕಂಪನಿಗೂ ಸಿಗುತ್ತೆ, ಷೇರು ಕಂಪನಿ ಅಂತ ಹೇಳಿಕೊಳ್ಳುವವನಿಗೂ ಸಿಗುತ್ತೆ. ಜನನ ಪ್ರಮಾಣ ಪತ್ರ ತೋರಿಸಿ ಡ್ರೈವಿಂಗ್ ಲೈಸೆನ್ಸ್ ಅಂದ ಹಾಗೆ ಇದು.

ಈ ಆಟದ ಇನ್ನೊಂದಷ್ಟು ಕಾಗದ ಹೇಳ್ತೀನಿ, ವಾಟ್ಸಾಪ್‌ನಲ್ಲಿ ಇವೇ ಜಾಸ್ತಿ ಓಡಾಡೋದು. ಅಮೆರಿಕದ್ದು ಅಂತ ತೋರಿಸುವ ಎಂಎಸ್‌ಬಿ (ಹಣ ರವಾನೆ, ವಿನಿಮಯದ ಕಂಪನಿ) ನೋಂದಣಿ: ಅದನ್ನು ಫಿನ್‌ಸೆನ್ ಅನ್ನುವ ಇಲಾಖೆಗೆ, ಕಪ್ಪು ಹಣ ತಡೆಯುವ ಕಾನೂನಿಗಾಗಿ, ಕಂಪನಿಯವರೇ ತುಂಬಿ ಕಳಿಸಿರುತ್ತಾರೆ. ಇನ್ವೆಸ್ಟ್‌ಮೆಂಟ್ ವ್ಯವಹಾರ ಮಾಡೋಕೆ ಅನುಮತಿ ಅಂತ ಅದರಲ್ಲಿ ಎಲ್ಲೂ ಇರೋದಿಲ್ಲ. ನಮ್ಮ ಕ್ರಿಪ್ಟೊ ಕಂಪನಿಗಳು ಎಫ್‌ಐಯು (ಕಪ್ಪು ಹಣದ ಮೇಲೆ ಕಣ್ಣಿಡುವ ನಮ್ಮ ಇಲಾಖೆ) ನೋಂದಣಿ ಇದೆ ಅನ್ನೋದೂ ಇದೇ ಜಾತಿಯದು. ದುಬೈ "ಟ್ರೇಡ್ ಲೈಸೆನ್ಸ್" ಬಗ್ಗೆ ಹುಷಾರು. ಅಲ್ಲಿ ಟ್ರೇಡ್ ಅಂದರೆ ಬರೀ ವ್ಯಾಪಾರ, ಸಲೂನ್ ಇಡುವವನೂ ಟ್ರೇಡ್ ಲೈಸೆನ್ಸ್ ತಗೋಬೇಕು. ದುಬೈನ ಹಣಕಾಸು ವಲಯದಲ್ಲಿ ಈ ಕೆಲಸ ಮಾಡೋಕೆ ಡಿಎಫ್‌ಎಸ್‌ಎ ಅನುಮತಿ ಬೇಕು, ಅದು ಬೇರೆಯೇ ಪಟ್ಟಿ. ಇನ್ನು ಜಿಎಸ್‌ಟಿ, ಉದ್ಯಮ್, ಐಎಸ್‌ಒ, ಪ್ಯಾನ್ ಕಾರ್ಡು ತೋರಿಸುವವರಿಗೆ ನಮಸ್ಕಾರ ಹೇಳಿ ಕಳಿಸಿ.

ಪಟ್ಟಿಯಲ್ಲಿ ನೀವೇ ಹುಡುಕಿ

ಕಾಗದ ಪಕ್ಕಕ್ಕಿಡಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ. ನಿಯಂತ್ರಕರ ವೆಬ್‌ಸೈಟನ್ನು ನೀವೇ ಟೈಪ್ ಮಾಡಿ ತೆರೆಯಿರಿ. ಯಾಕೆ ಅಂದರೆ ನಕಲಿ ರಿಜಿಸ್ಟರ್ ಪುಟ ಮಾಡಿಟ್ಟುಕೊಂಡು ಅದಕ್ಕೇ ಲಿಂಕ್ ಕೊಡುವವರೂ ಇದ್ದಾರೆ.

ಇಂಗ್ಲೆಂಡಿನದಾದರೆ ರಿಜಿಸ್ಟರ್ ಡಾಟ್ ಎಫ್‌ಸಿಎ ಡಾಟ್ ಆರ್ಗ್ ಡಾಟ್ ಯುಕೆ. ಅಲ್ಲಿ ಪ್ರತಿ ಕಂಪನಿಗೂ ಒಂದು ಎಫ್‌ಆರ್‌ಎನ್ ನಂಬರ್ ಇರುತ್ತೆ. ಷಡ್ಡಕ ತನಗೆ ಆ ಸರ್ಟಿಫಿಕೇಟ್ ಕಳಿಸಿದ್ದ ವಾಟ್ಸಾಪ್ ಗ್ರೂಪಿನವರನ್ನು ಆ ನಂಬರ್ ಕೇಳಿದ, ಎರಡೇ ನಿಮಿಷದಲ್ಲಿ ಕಳಿಸಿದರು. ಹಾಕಿ ನೋಡಿದೆವು, ಕಂಪನಿ ಬಂತು! ಅವನ ಮುಖ ಅರಳಿತು. "ನೋಡ್ರಿ ಅಣ್ಣಾ, ಇದೆ" ಅಂದ.

ಹೆಚ್ಚಿನವರು ಇಲ್ಲೇ ನಿಲ್ಲಿಸುತ್ತಾರೆ. ಇಲ್ಲಿಂದಲೇ ಶುರು ಮಾಡಬೇಕಾದ್ದು. ಆ ಪುಟದಲ್ಲಿ ಕಂಪನಿಯ ವೆಬ್‌ಸೈಟ್ ವಿಳಾಸ, ಫೋನ್ ನಂಬರ್, ಇಮೇಲ್ ಇರುತ್ತೆ. ಅದನ್ನು ನಿಮ್ಮ ಹತ್ತಿರ ಇರುವುದರ ಜೊತೆ ಅಕ್ಷರ ಅಕ್ಷರ ಹೋಲಿಸಿ. ನಮ್ಮದರಲ್ಲಿ ರಿಜಿಸ್ಟರ್‌ನ ವೆಬ್‌ಸೈಟ್ ಹೆಸರಿಗೂ ಷಡ್ಡಕನ ಆ್ಯಪ್ ಬಂದ ವೆಬ್‌ಸೈಟಿಗೂ ನಡುವೆ ಒಂದು ಅಡ್ಡಗೆರೆ ಮತ್ತು "ಪ್ರೊ" ಅನ್ನುವ ಪದ ವ್ಯತ್ಯಾಸ ಇತ್ತು. ಅಷ್ಟೇ. ಅಂದರೆ ಅಸಲಿ ಕಂಪನಿ ಬೇರೆ, ಅದರ ಹೆಸರು ನಂಬರ್ ಕದ್ದವರು ಬೇರೆ. ಇದಕ್ಕೆ ಎಫ್‌ಸಿಎಯವರು ಕ್ಲೋನ್ ಅಂತಾರೆ. ಎಫ್‌ಸಿಎ ಕ್ಲೋನ್‌ಗಳ ಬಗ್ಗೆ ಎಚ್ಚರಿಕೆ ಪಟ್ಟಿಯನ್ನೂ ಹಾಕುತ್ತೆ, ಅದರಲ್ಲೂ ಒಮ್ಮೆ ಹೆಸರು ಹುಡುಕಿ. ಅಸಲಿ ಅಂತ ಖಚಿತ ಮಾಡಿಕೊಳ್ಳಬೇಕಾದರೆ ರಿಜಿಸ್ಟರ್‌ನಲ್ಲಿರುವ ನಂಬರಿಗೇ ಫೋನ್ ಮಾಡಬೇಕು, ವಾಟ್ಸಾಪ್‌ನಲ್ಲಿ ಕೊಟ್ಟ ನಂಬರಿಗೆ ಮಾಡಿದರೆ ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗೆ.

ಇನ್ನೆರಡು ವಿಷಯ ಆ ಪುಟದಲ್ಲಿ ನೋಡಿ. ಒಂದು, ಸ್ಥಿತಿ: ಈಗಲೂ ಅನುಮತಿ ಇದೆಯಾ, ಅಥವಾ ಹಿಂದೆ ಇದ್ದು ಹೋಗಿದೆಯಾ. ಇನ್ನೊಂದು, ಯಾವ ಕೆಲಸಕ್ಕೆ ಅನುಮತಿ. ಸಾಲ ಕೊಡಿಸುವ ದಲ್ಲಾಳಿ ಕೆಲಸಕ್ಕೆ ಅನುಮತಿ ಪಡೆದವನು ಗ್ರಾಹಕರ ದುಡ್ಡು ಹಿಡಿದು ಟ್ರೇಡಿಂಗ್ ಮಾಡುವ ಹಾಗಿಲ್ಲ.

ಅಮೆರಿಕದಲ್ಲಿ ಷೇರು ಬ್ರೋಕರ್ ಆದರೆ ಫಿನ್ರಾ ಸಂಸ್ಥೆಯ ಬ್ರೋಕರ್‌ಚೆಕ್ ಅನ್ನೋ ಪುಟ. ಕರೆನ್ಸಿ ಟ್ರೇಡಿಂಗ್ ಆದರೆ ಎನ್‌ಎಫ್‌ಎ ಸಂಸ್ಥೆಯ ಬೇಸಿಕ್ ಅನ್ನೋ ಪುಟ. ಎನ್‌ಎಫ್‌ಎಯಲ್ಲಿ ಒಂದು ಮೋಸ ನಡೆಯುತ್ತೆ: ಐಡಿ ನಂಬರ್ ಕೊಡ್ತಾರೆ, ಹಾಕಿದರೆ ಹೆಸರೂ ಬರುತ್ತೆ, ಆದರೆ ಪಕ್ಕದಲ್ಲೇ "ಸದಸ್ಯರಲ್ಲ" ಅಂತ ಇಂಗ್ಲಿಷಿನಲ್ಲಿ ಇರುತ್ತೆ. ನಂಬರ್ ಇದ್ದ ಮಾತ್ರಕ್ಕೆ ಸದಸ್ಯ ಆಗೋದಿಲ್ಲ. ಆಸ್ಟ್ರೇಲಿಯಾ, ಸಿಂಗಪುರ, ಹಾಂಕಾಂಗ್‌ಗೂ ಹೀಗೇ ಪಟ್ಟಿ ಮತ್ತು ಎಚ್ಚರಿಕೆ ಪಟ್ಟಿ ಇವೆ, ನೋಡುವ ಕ್ರಮ ಅದೇ. ಬೇರೆ ಬೇರೆ ದೇಶದವರು ಕೊಟ್ಟ ಎಚ್ಚರಿಕೆಗಳನ್ನು ಒಂದೇ ಕಡೆ ಹುಡುಕೋಕೆ ಐಯೊಸ್ಕೊದ ಐ-ಸ್ಕ್ಯಾನ್ ಅಂತ ಇದೆ, 2025ರಲ್ಲಿ ಶುರುವಾದದ್ದು. ಮೊದಲು ಅಲ್ಲೇ ಹೆಸರು ಹಾಕಿ ನೋಡಬಹುದು. ಹೆಸರು ಸಿಕ್ಕರೆ ಬಿಡಿ. ಸಿಗದಿದ್ದರೆ ಒಳ್ಳೆಯವರು ಅಂತ ಅಲ್ಲ, ನಿನ್ನೆ ಹುಟ್ಟಿದ ಆ್ಯಪ್ ಯಾವ ಪಟ್ಟಿಗೂ ಸೇರಿರೋದಿಲ್ಲ.

ಮೂರಕ್ಷರದ ಮೋಸ, ನನ್ನ 40 ಸಾವಿರ

ನಾನು ಬಿದ್ದದ್ದು ಇಲ್ಲಿ. ಆ ಆ್ಯಪ್‌ನಲ್ಲಿ "ಎಫ್‌ಎಸ್‌ಎ ನೋಂದಾಯಿತ" ಅಂತ ಇತ್ತು. ನಾನೇನು ದಡ್ಡನಾ, ಗೂಗಲ್ ಮಾಡಿದೆ. ಜಪಾನ್ ಸರ್ಕಾರದ ಹಣಕಾಸು ಸೇವೆಗಳ ಏಜೆನ್ಸಿ ಅಂತ ಬಂತು. ಜಪಾನ್ ಅಂದಮೇಲೆ ಕೇಳಬೇಕಾ! ದುಡ್ಡು ಹಾಕಿದೆ.

ಆಮೇಲೆ ಗೊತ್ತಾಯ್ತು. ಜಪಾನಿನದೂ ಎಫ್‌ಎಸ್‌ಎ. ಹಿಂದೂ ಮಹಾಸಾಗರದ ಸೆಷೆಲ್ಸ್ ದ್ವೀಪದ್ದೂ ಎಫ್‌ಎಸ್‌ಎ. ಕೆರಿಬಿಯನ್ ಕಡೆ ಸೇಂಟ್ ವಿನ್ಸೆಂಟ್ ಅಂತ ಒಂದು ಪುಟ್ಟ ದೇಶ ಇದೆ, ಅದರದೂ ಎಫ್‌ಎಸ್‌ಎ. ಇಂಗ್ಲೆಂಡಿನಲ್ಲೂ 2013ರವರೆಗೆ ಎಫ್‌ಎಸ್‌ಎ ಅಂತಲೇ ಇತ್ತು, ಅದು ಹೋಗಿ ಎಫ್‌ಸಿಎ ಬಂತು. ನನ್ನ ಕಂಪನಿ ಇದ್ದದ್ದು ಸೇಂಟ್ ವಿನ್ಸೆಂಟ್‌ನಲ್ಲಿ. ಅಲ್ಲಿಯ ಎಫ್‌ಎಸ್‌ಎ ತಾನು ಫಾರೆಕ್ಸ್ (ಅಂದರೆ ಕರೆನ್ಸಿ) ವ್ಯವಹಾರಕ್ಕೆ ಲೈಸೆನ್ಸ್ ಕೊಡೋದೇ ಇಲ್ಲ ಅಂತ ಮೊದಲಿಂದ ಬರೆದುಕೊಂಡೇ ಬಂದಿದೆ, ನಾನು ಓದಿರಲಿಲ್ಲ ಅಷ್ಟೇ. ಅಲ್ಲಿ ಕಂಪನಿ ನೋಂದಣಿ ಆಗಿತ್ತು, ಅದನ್ನೇ ಇವರು ಲೈಸೆನ್ಸ್ ಅಂತ ಹಾಡಿದ್ದರು.

ಹಾಗಾಗಿ ಮೂರಕ್ಷರ ಕಂಡರೆ ಮೊದಲು ದೇಶದ ಹೆಸರು ಕೇಳಿ. ಪೂರ್ತಿ ಹೆಸರು, ದೇಶ, ನಂಬರ್. ಈ ಮೂರು ಸಿಗದೆ ಮುಂದಕ್ಕೆ ಹೋಗಬೇಡಿ.

ಬ್ರ್ಯಾಂಡ್ ಒಂದೇ, ಕಂಪನಿ ನಾಲ್ಕು

ಇದು ಎಲ್ಲಕ್ಕಿಂತ ನಯವಾದ ಆಟ. ಇದರಲ್ಲಿ ಯಾರೂ ಸುಳ್ಳು ಹೇಳಿರೋದಿಲ್ಲ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಒಂದು ದೊಡ್ಡ ಟ್ರೇಡಿಂಗ್ ಬ್ರ್ಯಾಂಡ್ ಅಂತ ಇಟ್ಟುಕೊಳ್ಳಿ. ಅದಕ್ಕೆ ಲಂಡನ್‌ನಲ್ಲಿ ಒಂದು ಕಂಪನಿ, ಸೈಪ್ರಸ್‌ನಲ್ಲಿ ಒಂದು, ಆಸ್ಟ್ರೇಲಿಯಾದಲ್ಲಿ ಒಂದು, ಸೆಷೆಲ್ಸ್‌ನಲ್ಲೋ ವನುವಾಟುವಿನಲ್ಲೋ ಇನ್ನೊಂದು. ಜಾಹೀರಾತಿನಲ್ಲಿ ಲಂಡನ್ ಲೈಸೆನ್ಸ್ ಮಿಂಚುತ್ತೆ. ನೀವು ದಾವಣಗೆರೆಯಿಂದ ಖಾತೆ ತೆರೆದರೆ ಕರಾರು ಆಗೋದು ದ್ವೀಪದ ಕಂಪನಿ ಜೊತೆ. ಲಂಡನ್ ಲೈಸೆನ್ಸ್ ಲಂಡನ್ ಕಂಪನಿಯ ಗ್ರಾಹಕನಿಗೆ. ನಿಮಗೂ ಅದಕ್ಕೂ ಸಂಬಂಧ ಇಲ್ಲ.

ಎಲ್ಲಿ ನೋಡಬೇಕು? ವೆಬ್‌ಸೈಟಿನ ತೀರಾ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರ ಇರುತ್ತಲ್ಲ, ಅಲ್ಲಿ. ಮತ್ತೆ ಖಾತೆ ತೆರೆಯುವಾಗ "ಒಪ್ಪುತ್ತೇನೆ" ಅಂತ ಸುಮ್ನೆ ಟಿಕ್ ಮಾಡ್ತೀವಲ್ಲ, ಆ ಕರಾರಿನ ಮೊದಲ ಪುಟದಲ್ಲಿ. ಅಲ್ಲಿರುವ ಕಂಪನಿಯ ಪೂರ್ತಿ ಹೆಸರು ತಗೊಂಡು ಅದನ್ನೇ ರಿಜಿಸ್ಟರ್‌ನಲ್ಲಿ ಹುಡುಕಿ. ಬ್ರ್ಯಾಂಡ್ ಹೆಸರು ಹುಡುಕಿದರೆ ಏನೂ ತಿಳಿಯೋದಿಲ್ಲ.

ಓದೋಕೆ ಬೇಜಾರಾದರೆ ಒಂದು ಅಡ್ಡದಾರಿ ಹೇಳ್ತೀನಿ: ಲೆವರೇಜ್ ನೋಡಿ. ಲೆವರೇಜ್ ಅಂದರೆ ನಿಮ್ಮ ದುಡ್ಡಿನ ಎಷ್ಟು ಪಟ್ಟು ವ್ಯವಹಾರ ಮಾಡಲು ಬಿಡ್ತಾರೆ ಅಂತ. ಯುರೋಪಿನಲ್ಲಿ 2018ರಿಂದ ಸಾಮಾನ್ಯ ಗ್ರಾಹಕರಿಗೆ ದೊಡ್ಡ ಕರೆನ್ಸಿಗಳಲ್ಲಿ 30 ಪಟ್ಟು ಮಿತಿ. ಇಂಗ್ಲೆಂಡಿನಲ್ಲೂ ಅಷ್ಟೇ, ಆಸ್ಟ್ರೇಲಿಯಾ 2021ರಲ್ಲಿ ಅದೇ ಮಿತಿ ತಂತು. ಜಪಾನ್ 25, ಅಮೆರಿಕ 50. ನಿಮ್ಮ ಆ್ಯಪ್ 500 ಪಟ್ಟು, 1000 ಪಟ್ಟು ಅಂತ ಕೊಡ್ತಾ ಇದ್ದರೆ ನೀವು ಆ ಯಾವ ದೇಶದ ಕಾನೂನಿನ ಕೆಳಗೂ ಇಲ್ಲ ಅಂತ ಅದೇ ಬಾಯಿಬಿಟ್ಟು ಹೇಳ್ತಾ ಇದೆ. 10 ಸಾವಿರ ಹಾಕಿ 500 ಪಟ್ಟು ಅಂದರೆ 50 ಲಕ್ಷದ ವ್ಯವಹಾರ. ಬೆಲೆ ನೂರಕ್ಕೆ 20 ಪೈಸೆ ಉಲ್ಟಾ ಹೋದರೆ ಸಾಕು, ನಿಮ್ಮ 10 ಸಾವಿರ ಹೋಯ್ತು. ನೀವು ದೋಸೆ ತಿಂದು ಕೈ ತೊಳೆಯುವಷ್ಟರಲ್ಲಿ ಅಷ್ಟು ಏರಿಳಿತ ಆಗಿಬಿಡಬಹುದು.

ಇಂಥ ಮಿತಿ ಯಾಕೆ ಬೇಕು ಅನ್ನೋದಕ್ಕೆ ಒಂದು ಉದಾಹರಣೆ. 2015ರ ಜನವರಿ 15ರಂದು ಸ್ವಿಟ್ಜರ್‌ಲೆಂಡಿನ ಕೇಂದ್ರ ಬ್ಯಾಂಕು ತನ್ನ ಫ್ರಾಂಕಿನ ಬೆಲೆಯನ್ನು ಯೂರೋ ಜೊತೆ ಹಿಡಿದಿಟ್ಟಿದ್ದ ಕಟ್ಟನ್ನು ಇದ್ದಕ್ಕಿದ್ದ ಹಾಗೆ ಬಿಚ್ಚಿತು. ನಿಮಿಷಗಳಲ್ಲಿ ಫ್ರಾಂಕ್ ಜಿಗಿಯಿತು, ಗ್ರಾಹಕರು ಹಾಕಿದ ದುಡ್ಡಿಗಿಂತ ಜಾಸ್ತಿ ಸಾಲಗಾರರಾದರು. ಲಂಡನ್‌ನ ಅಲ್ಪಾರಿ ಯುಕೆ ದಿವಾಳಿಯಾಯಿತು. ಆಗ ಅದು ವೆಸ್ಟ್ ಹ್ಯಾಮ್ ಫುಟ್‌ಬಾಲ್ ತಂಡದ ಜೆರ್ಸಿ ಮೇಲೆ ಹೆಸರು ಹಾಕಿಸಿಕೊಂಡಿದ್ದ ಕಂಪನಿ. ಜೆರ್ಸಿ ಮೇಲೆ ಹೆಸರಿದೆ, ಕ್ರಿಕೆಟ್ ಆಟಗಾರ ಜಾಹೀರಾತು ಕೊಟ್ಟಿದ್ದಾನೆ ಅನ್ನೋದು ಗ್ಯಾರಂಟಿ ಅಂತ ಇನ್ನೂ ನಂಬುವವರಿಗೆ ನಾನು ಇದನ್ನೇ ಹೇಳೋದು.

ಕಂಪನಿ ಮುಳುಗಿದರೆ ಪರಿಹಾರ ಸಿಗುತ್ತೆ ಅಂತಲೂ ಆಸೆ ತೋರಿಸ್ತಾರೆ. ಸಿಗುತ್ತೆ, ಸುಳ್ಳಲ್ಲ. ಇನ್ವೆಸ್ಟ್‌ಮೆಂಟ್‌ಗೆ ಇಂಗ್ಲೆಂಡಿನಲ್ಲಿ 85 ಸಾವಿರ ಪೌಂಡ್‌ವರೆಗೆ, ಸೈಪ್ರಸ್‌ನಲ್ಲಿ 20 ಸಾವಿರ ಯೂರೋವರೆಗೆ, ಅಮೆರಿಕದ ಬ್ರೋಕರ್ ಆದರೆ 5 ಲಕ್ಷ ಡಾಲರ್‌ವರೆಗೆ. ಆದರೆ ಆ ದೇಶದ ಕಂಪನಿಯ ಜೊತೆ ಖಾತೆ ಇದ್ದವರಿಗೆ, ಅದೂ ಕಂಪನಿ ದಿವಾಳಿಯಾದರೆ. ಟ್ರೇಡಿಂಗ್‌ನಲ್ಲಿ ಸೋತ ದುಡ್ಡಿಗೆ ಯಾರೂ ಪೈಸೆ ಕೊಡೋದಿಲ್ಲ.

ಸೈಪ್ರಸ್ ಲೈಸೆನ್ಸ್ ಜಾಸ್ತಿ ಕಾಣೋದು ಯಾಕೆ ಅಂತ ಷಡ್ಡಕ ಕೇಳಿದ. ಯುರೋಪಿನ ಒಕ್ಕೂಟದಲ್ಲಿ ಪಾಸ್‌ಪೋರ್ಟ್ ಪದ್ಧತಿ ಇದೆ. ಒಂದು ದೇಶದಲ್ಲಿ ಲೈಸೆನ್ಸ್ ಪಡೆದರೆ ಉಳಿದ ಸದಸ್ಯ ದೇಶಗಳಲ್ಲೂ ವ್ಯವಹಾರ ಮಾಡಬಹುದು. ಇಂಗ್ಲೆಂಡ್ ಒಕ್ಕೂಟ ಬಿಟ್ಟ ಮೇಲೆ 2020ರ ಕೊನೆಗೆ ಆ ಪಾಸ್‌ಪೋರ್ಟ್ ಅಲ್ಲೂ ನಿಂತಿತು. ಲಂಡನ್‌ನಲ್ಲೇ ನಡೆಯದ ಪಾಸ್‌ಪೋರ್ಟ್ ನಮ್ಮೂರಿನ ಪಿ.ಬಿ. ರೋಡಿನಲ್ಲಿ ನಡೆಯುತ್ತಾ?

ಎಲ್ಲ ಸರಿ ಇದ್ದರೂ, ನಮ್ಮ ಕಾನೂನು ಒಪ್ಪುತ್ತಾ?

ಲೈಸೆನ್ಸ್ ಅಸಲಿ, ಕಂಪನಿ ಅಸಲಿ, ವೆಬ್‌ಸೈಟ್ ಅಸಲಿ ಅಂತಲೇ ಇಟ್ಟುಕೊಳ್ಳಿ. ಇನ್ನೊಂದು ಬಾಗಿಲು ಇದೆ, ಅದು ನಮ್ಮದೇ: ವಿದೇಶಿ ವಿನಿಮಯದ ಫೆಮಾ ಕಾನೂನು, 1999ರದು.

ಫಾರೆಕ್ಸ್ ಟ್ರೇಡಿಂಗ್ ಬಗ್ಗೆ ನೇರವಾಗಿ ಹೇಳ್ತೀನಿ. ಭಾರತದಲ್ಲಿರುವವರು ಆನ್‌ಲೈನ್‌ನಲ್ಲಿ ಕರೆನ್ಸಿ ವ್ಯವಹಾರ ಮಾಡಬಹುದಾದ್ದು ಎನ್‌ಎಸ್‌ಇ, ಬಿಎಸ್‌ಇ, ಎಂಎಸ್‌ಇ ಎಕ್ಸ್‌ಚೇಂಜ್‌ಗಳಲ್ಲಿ ಅಥವಾ ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟ ವೇದಿಕೆಗಳಲ್ಲಿ ಮಾತ್ರ. ರೂಪಾಯಿ-ಡಾಲರ್‌ನಂಥ ರೂಪಾಯಿ ಜೋಡಿಯ ವಾಯಿದೆಗೆ ನಿಮಗೆ ನಿಜವಾಗಿ ವಿದೇಶಿ ಕರೆನ್ಸಿಯ ವ್ಯವಹಾರ ಇರಬೇಕು ಅಂತ 2024ರಲ್ಲಿ ರಿಸರ್ವ್ ಬ್ಯಾಂಕ್ ಇನ್ನೂ ಬಿಗಿಯಾಗಿ ಹೇಳಿತು. ಹೊರದೇಶದ ಆ್ಯಪ್‌ನಲ್ಲಿ ಯೂರೋ-ಡಾಲರ್ ಆಡೋದು, ಆ ಆ್ಯಪ್‌ಗೆ ಎಂಥ ಲೈಸೆನ್ಸ್ ಇದ್ದರೂ, ನಮಗೆ ಅನುಮತಿ ಇಲ್ಲ. ಇಲ್ಲಿ ತಪ್ಪಿತಸ್ಥ ಆಗೋದು ಗ್ರಾಹಕನೂ ಹೌದು. ದುಡ್ಡು ಕಳೆದುಕೊಂಡ ಮೇಲೆ ದೂರು ಕೊಡೋಕೆ ಹೆದರುವ ಹಾಗೆ ಮಾಡೋದೂ ಈ ಆ್ಯಪ್‌ಗಳಿಗೆ ಲಾಭವೇ.

ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಇಂಥ 34 ಹೆಸರುಗಳ ಎಚ್ಚರಿಕೆ ಪಟ್ಟಿ ಹಾಕಿತು. ಆಮೇಲೆ ಅದು ಬೆಳೆಯುತ್ತಲೇ ಇದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಅನುಮತಿ ಇದೆ ಅಂತ ಅಂದುಕೊಳ್ಳಬೇಡಿ ಅಂತ ಬ್ಯಾಂಕೇ ಅಲ್ಲಿ ಬರೆದಿದೆ.

ಅಮೆರಿಕದ ಷೇರು ಕೊಳ್ಳೋದು ಬೇರೆ ಮಾತು. ಅದಕ್ಕೆ ದಾರಿ ಇದೆ. ಎಲ್‌ಆರ್‌ಎಸ್ ಅನ್ನುವ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಅದೇ ದಾರಿಯಲ್ಲಿ ಮಾರ್ಜಿನ್ ಟ್ರೇಡಿಂಗ್‌ಗೆ, ಅಂದರೆ ಸ್ವಲ್ಪ ದುಡ್ಡಿಟ್ಟು ಲೆವರೇಜ್ ಮೇಲೆ ಆಡೋದಕ್ಕೆ, ಕಳಿಸುವ ಹಾಗಿಲ್ಲ. ದುಡ್ಡು ನಿಮ್ಮ ಬ್ಯಾಂಕಿನಿಂದ, ಎ2 ಫಾರಂ ತುಂಬಿ, ಪ್ಯಾನ್ ನಂಬರ್ ಕೊಟ್ಟು ಹೋಗುತ್ತೆ. 2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಇನ್ವೆಸ್ಟ್‌ಮೆಂಟ್ ಮೊತ್ತಕ್ಕೆ ನೂರಕ್ಕೆ 20 ಟಿಸಿಎಸ್ ಅನ್ನುವ ತೆರಿಗೆ ಹಿಡಿಯುತ್ತಾರೆ. ಗುಜರಾತಿನ ಗಿಫ್ಟ್ ಸಿಟಿ ಮೂಲಕವೂ ಇಂಥ ಹೂಡಿಕೆಗೆ ದಾರಿ ಇದೆ, ಅಲ್ಲಿಗೆ 2020ರಿಂದ ಐಎಫ್‌ಎಸ್‌ಸಿಎ ಅಂತ ಪ್ರತ್ಯೇಕ ನಿಯಂತ್ರಕರು ಇದ್ದಾರೆ.

ಈ ಎ2 ಫಾರಂ ಇದೆಯಲ್ಲ, ಅದು ಒಳ್ಳೆಯ ಒರೆಗಲ್ಲು: ಅದನ್ನು ಕೇಳದೇ ದುಡ್ಡು ಹೋದರೆ ಅನುಮಾನ ಪಡಿ. ಲಂಡನ್ ಕಂಪನಿಗೆ ದುಡ್ಡು ಹಾಕ್ತಿದ್ದೀನಿ ಅಂದುಕೊಂಡು ಯುಪಿಐ ತೆರೀತೀರಿ, ಅಲ್ಲಿ ಹೆಸರು ಬರೋದು ಯಾವುದೋ ಊರಿನ ಸೀರೆ ಅಂಗಡಿಯದು. ನಾಳೆ ಕೇಳಿದರೆ ಇನ್ನೊಂದು ಹೆಸರು. ಅವು ಬಾಡಿಗೆ ಖಾತೆಗಳು. ಅಲ್ಲಿಂದ ದುಡ್ಡು ಎಲ್ಲಿ ಹೋಗುತ್ತೋ ಶಿವನೇ ಬಲ್ಲ. ಅಂಥ ಖಾತೆಯಿಂದ ನಿಮಗೆ "ಲಾಭ" ಅಂತ ಬಂದ ದುಡ್ಡೂ ಇನ್ನೊಬ್ಬ ಮೋಸಹೋದವನದೇ ಆಗಿರಬಹುದು. ಅವನು ದೂರು ಕೊಟ್ಟರೆ ಪೊಲೀಸರು ನಿಮ್ಮ ಖಾತೆಯನ್ನೂ ಫ್ರೀಜ್ ಮಾಡಿಸ್ತಾರೆ.

ದೇಶದೊಳಗಿನವರನ್ನು ನೋಡೋದು

ಇದು ಸುಲಭ, ಬೇಗ ಮುಗಿಸ್ತೀನಿ. ಸೆಬಿಯ ವೆಬ್‌ಸೈಟ್‌ನಲ್ಲಿ ನೋಂದಾಯಿತರ ಪಟ್ಟಿ ಇದೆ. ನಂಬರಿನ ಮೊದಲ ಅಕ್ಷರಗಳೇ ಕೆಲಸ ಯಾವುದು ಅಂತ ಹೇಳುತ್ತವೆ: ಐಎನ್‌ಝಡ್ ಅಂದರೆ ಬ್ರೋಕರ್, ಐಎನ್‌ಎ ಅಂದರೆ ಹೂಡಿಕೆ ಸಲಹೆಗಾರ, ಐಎನ್‌ಎಚ್ ಅಂದರೆ ರಿಸರ್ಚ್ ಅನಾಲಿಸ್ಟ್. ಐಎನ್‌ಎಚ್ ನಂಬರ್ ಇರುವವನು ಯಾವ ಷೇರು ಕೊಳ್ಳಬಹುದು ಅಂತ ಹೇಳಬಹುದು, ನಿಮ್ಮ ದುಡ್ಡನ್ನು ತನ್ನ ಖಾತೆಗೆ ಹಾಕಿಸಿಕೊಂಡು ಆಡುವ ಹಾಗಿಲ್ಲ. ತಿಂಗಳಿಗೆ ಇಷ್ಟು ಗ್ಯಾರಂಟಿ ಅಂತ ಇವರು ಯಾರೂ ಹೇಳುವ ಹಾಗಿಲ್ಲ, ಹೇಳಿದರೆ ನಂಬರ್ ಅಸಲಿಯಾದರೂ ಮನುಷ್ಯ ಸರಿ ಇಲ್ಲ.

2025ರ ಅಕ್ಟೋಬರ್‌ನಿಂದ ಸೆಬಿ ಒಂದು ಒಳ್ಳೆ ಕೆಲಸ ಮಾಡಿದೆ. ನೋಂದಾಯಿತರ ಯುಪಿಐ ಐಡಿಯಲ್ಲಿ "ವ್ಯಾಲಿಡ್" ಅನ್ನುವ ಪದ, ಅದರ ಜೊತೆ ಬ್ಯಾಂಕಿನ ಹೆಸರು ಇರುತ್ತೆ. ಬ್ರೋಕರ್ ಆದರೆ ಅವರ ಹೆಸರಾದ ಮೇಲೆ ಬಿಆರ್‌ಕೆ ಅಂತಲೂ ಇರುತ್ತೆ. ದುಡ್ಡು ಹಾಕುವ ಮುಂಚೆ ಆ ಯುಪಿಐ ಐಡಿ ಅಥವಾ ಬ್ಯಾಂಕ್ ಖಾತೆ ಅವರದೇ ಹೌದಾ ಅಂತ ನೋಡೋಕೆ "ಸೆಬಿ ಚೆಕ್" ಅನ್ನುವ ಸೌಲಭ್ಯ ಇದೆ. ನಮ್ಮ ಮನೆಯಲ್ಲಿ ಈಗ ಇದು ಕಡ್ಡಾಯ.

"ಎಫ್‌ಪಿಐ ಖಾತೆ" ಅಂತ ಹೇಳುವ ಗ್ರೂಪುಗಳ ಬಗ್ಗೆ ಒಂದು ಮಾತು. ವಿದೇಶಿ ಹೂಡಿಕೆದಾರರ ಹೆಸರಲ್ಲಿ, ಡಿಮ್ಯಾಟ್ (ಷೇರು ಇಡುವ ಖಾತೆ) ಇಲ್ಲದೆ, ಐಪಿಒ (ಕಂಪನಿ ಮೊದಲ ಸಲ ಜನರಿಗೆ ಮಾರುವ) ಷೇರು ಅಗ್ಗಕ್ಕೆ ಕೊಡಿಸ್ತೀವಿ ಅಂತಾರೆ. ಎಫ್‌ಪಿಐ ಅನ್ನೋದು ಹೊರದೇಶದವರಿಗೆ ಇರುವ ದಾರಿ. ದಾವಣಗೆರೆಯಲ್ಲಿ ಕೂತ ನಮಗೆ ಅದು ಇಲ್ಲವೇ ಇಲ್ಲ ಅಂತ ಸೆಬಿ 2024ರಲ್ಲೇ ಹೇಳಿದೆ. ಹಾಂ, ಮತ್ತೆ ಸೆಬಿ ನೋಂದಣಿ ಇದೆ ಅಂದರೆ ಲಾಭ ಬರುತ್ತೆ ಅಂತಲೂ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿಯೇ ಹಾಕಿದ ಲೆಕ್ಕದ ಪ್ರಕಾರ ಫ್ಯೂಚರ್ಸ್ ಆಪ್ಷನ್ಸ್ (ಷೇರಿನ ವಾಯಿದೆ ವ್ಯವಹಾರ) ಆಡಿದ ಸಾಮಾನ್ಯ ಜನರಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಎಲ್ಲ ಲೈಸೆನ್ಸ್ ಇರುವ ಬ್ರೋಕರ್‌ಗಳ ಮೂಲಕವೇ!

ಆಗಲೇ ಹಾಕಿಬಿಟ್ಟಿದ್ದರೆ

ನಾಚಿಕೊಂಡು ಕೂರಬೇಡಿ, ನಾನು ಹದಿನೈದು ದಿನ ಕೂತು ಹಾಳಾದೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೋದ ದುಡ್ಡು ಮುಂದಿನ ಖಾತೆಗೆ ಜಿಗಿಯುವ ಮುಂಚೆ ತಡೆಯೋಕೆ ಇರುವುದು ಕೆಲವು ಗಂಟೆ ಅಷ್ಟೇ. ಬ್ಯಾಂಕಿಗೂ ಹೇಳಿ. ದುಡ್ಡು ಕಳಿಸಿದ್ದರ ಯುಟಿಆರ್ ನಂಬರ್, ಸ್ಕ್ರೀನ್‌ಶಾಟ್, ಅವರ ನಂಬರ್, ಗ್ರೂಪಿನ ಮಾತುಕತೆ ಎಲ್ಲ ತೆಗೆದಿಟ್ಟುಕೊಳ್ಳಿ. ಆಮೇಲೆ ಅವರು ಗ್ರೂಪಿಂದ ತೆಗೆದು ಹಾಕ್ತಾರೆ, ಆಗ ಏನೂ ಸಿಗೋದಿಲ್ಲ. ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಮೋಸ ಮಾಡಿದವರು ಸೆಬಿ ನೋಂದಾಯಿತರೇ ಆಗಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಅವರು 21 ದಿನದಲ್ಲಿ ಉತ್ತರ ಕೊಡಬೇಕು. ನೋಂದಣಿ ಇಲ್ಲದೆ ಠೇವಣಿ ಎತ್ತುವವರ ಬಗ್ಗೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್ ಇದೆ.

ದುಡ್ಡು ವಾಪಸ್ ಬೇಕಾದರೆ ಮೊದಲು ಟ್ಯಾಕ್ಸ್ ಕಟ್ಟಿ, ಇಷ್ಟು ಪರ್ಸೆಂಟ್ ಕಟ್ಟಿದರೆ ಖಾತೆ ಬಿಡುಗಡೆ ಆಗುತ್ತೆ ಅಂತ ಆ ಮೋಸಗಾರರು ಹೇಳ್ತಾರೆ. ಕಟ್ಟಬೇಡಿ. ಯಾವ ದೇಶದ ತೆರಿಗೆ ಇಲಾಖೆಯೂ ಬ್ರೋಕರ್‌ನ ವಾಟ್ಸಾಪ್‌ನಲ್ಲಿ ತೆರಿಗೆ ಎತ್ತೋದಿಲ್ಲ. ಆಮೇಲೆ ಒಂದೆರಡು ತಿಂಗಳಿಗೆ ಇನ್ನೊಬ್ಬ ಫೋನ್ ಮಾಡ್ತಾನೆ, "ನಿಮ್ಮ ದುಡ್ಡು ಹುಡುಕಿಕೊಡ್ತೀವಿ, ನಾವು ಎಫ್‌ಸಿಎ ಕಡೆಯವರು" ಅಂತ. ಅವನ ಹತ್ತಿರ ನಿಮ್ಮ ಹೆಸರು, ಮೊತ್ತ ಎಲ್ಲ ಇರುತ್ತೆ. ಇರಲೇಬೇಕಲ್ಲ, ಅವರದೇ ಪಟ್ಟಿ ಅದು.

ಷಡ್ಡಕ ಆ ಎರಡು ಲಕ್ಷ ಹಾಕಲಿಲ್ಲ. ಮಿರ್ಚಿ ಆರಿ ಹೋದ ಮೇಲೆ ಮೆಲ್ಲಗೆ ಬಾಯಿಬಿಟ್ಟ: ಹಿಂದಿನ ವಾರವೇ ಪರೀಕ್ಷೆಗೆ ಅಂತ 5 ಸಾವಿರ ಹಾಕಿದ್ದನಂತೆ, ಮೂರು ದಿನಕ್ಕೆ 5,600 ಆಗಿತ್ತಂತೆ, ತೆಗೆದೂ ಇದ್ದನಂತೆ. ಅದಕ್ಕೇ ಅವನಿಗೆ ಅಷ್ಟು ನಂಬಿಕೆ ಬಂದದ್ದು. ಆ 5,600 ಬಂದ ಖಾತೆ ಯಾರದು ಅಂತ ಪಾಸ್‌ಬುಕ್ ತೆಗೆಸಿ ನೋಡಿದೆವು. ಯಾವುದೋ ಮೊಬೈಲ್ ರಿಪೇರಿ ಅಂಗಡಿ.